ಒಕ್‌ಜು ಅಕ್ಕನ ಅರ್ಧ ಮಾತ್ರೆ

ವ್ಯಾನಿನಲ್ಲಿ ಯಾರ ಜಾಗ ಯಾವುದೆಂದು ಎಲ್ಲೂ ಬರೆದಿರಲಿಲ್ಲ. ಆದರೂ ಒಂಬತ್ತು ಹೆಂಗಸರಲ್ಲಿ ಒಬ್ಬರೂ ಇನ್ನೊಬ್ಬರ ಜಾಗದಲ್ಲಿ ಕೂರುತ್ತಿರಲಿಲ್ಲ. ನಮ್‌ಹಿಯದು ಎರಡನೇ ಸಾಲಿನ ಕಿಟಕಿ ಪಕ್ಕ, ಅವಳ ಮಗ್ಗುಲಿಗೆ ಒಕ್‌ಜು. ಏಳು ವರ್ಷದಿಂದ ಹೀಗೆಯೇ. ಬೆಳಗ್ಗೆ ಎಂಟಕ್ಕೆ ಕೊರಿಯನ್ನರೇ ತುಂಬಿದ ಫ್ಲಶಿಂಗ್ ಬಡಾವಣೆಯ ಬೇಕರಿಯ ಮುಂದೆ ಹತ್ತಿದರೆ ಒಂಬತ್ತೂಕಾಲಕ್ಕೆ ಲಾಂಗ್ ಐಲೆಂಡಿನ ನೇಲ್ ಸಲೂನು, ಅವರು ಗಿರಾಕಿಗಳ ಉಗುರು ತಿದ್ದುವ ಅಂಗಡಿ. ಸಂಜೆ ಏಳೂವರೆಗೆ ಅದೇ ವ್ಯಾನು, ಅದೇ ಜಾಗ, ವಾಪಸು ದಾರಿ.

ವ್ಯಾನಿನ ಬಾಯಿ ಎಂದರೆ ಒಕ್‌ಜು. ಅರವತ್ತೊಂದು ವರ್ಷ, ಗಂಡ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. "ಪ್ಯೊ ಅವರೇ, ನಿಮ್ಮ ಬ್ರೇಕು ನನ್ನ ಮಂಡಿಗಿಂತ ಜೋರಾಗಿ ಕಿರುಗುಟ್ಟುತ್ತಲ್ಲ, ಇಬ್ಬರನ್ನೂ ಒಂದೇ ಸಲ ರಿಪೇರಿಗೆ ಬಿಡೋಣ್ವಾ?" ಎಂದು ಡ್ರೈವರನ್ನು ಕೆಣಕುವಳು. "ನಿಮ್ಮ ಮಂಡಿಗೆ ಸ್ಪೇರ್ ಸಿಗಲ್ಲ ಅಕ್ಕ, ಮಾಡೆಲ್ ನಿಂತುಹೋಗಿದೆ" ಎಂದು ಅವನು ತಿರುಗಿಸಿ ಕೊಡುವನು. ಹಿಂದಿನ ಸಾಲು ನಗುವುದು. ನಮ್‌ಹಿಯೂ ನಗುವಳು. ಎಲ್ಲರೂ ನಕ್ಕು ಅರ್ಧ ಸೆಕೆಂಡಾದ ಮೇಲೆ ಅವಳ ನಗು ಬರುತ್ತಿತ್ತು. ಅದನ್ನು ಗಮನಿಸಿದವಳು ಒಕ್‌ಜು ಒಬ್ಬಳೇ.

ನಮ್‌ಹಿಗೆ ಆಗ ಐವತ್ತು. ಕೊರಿಯಾದ ಜೊನ್ಜುವಿನಲ್ಲಿ ಹುಟ್ಟಿದವಳು, ಅಲ್ಲಿಯ ಟೆಲಿಫೋನ್ ಕಚೇರಿಯಲ್ಲಿ ಆರು ವರ್ಷ ಕೆಲಸ ಮಾಡಿದವಳು. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಗಂಡ ದೊಕ್‌ಮಾನನ ಕಂಪನಿ ಮುಳುಗಿತು. ಎರಡು ವರ್ಷದ ಮಗಳು ಯೆರಾಳನ್ನು ಎತ್ತಿಕೊಂಡು ಮೂವರೂ ಪ್ರವಾಸಿ ವೀಸಾದಲ್ಲಿ ಬಂದರು, ಮರಳಲಿಲ್ಲ. ಅಲ್ಲಿ ಕೈಕೆಳಗೆ ಹದಿನಾಲ್ಕು ಜನರಿದ್ದ ದೊಕ್‌ಮಾನ್ ಇಲ್ಲಿ ತರಕಾರಿ ಉಗ್ರಾಣದಲ್ಲಿ ಪೆಟ್ಟಿಗೆ ಇಳಿಸುವವನಾದ. ನಮ್‌ಹಿ ಪರರ ಉಗುರು ಕತ್ತರಿಸುವುದನ್ನು ಕಲಿತಳು. ಕಾಗದಪತ್ರ ಸರಿಹೋಗಲು ಹದಿನೈದು ವರ್ಷ ಹಿಡಿಯಿತು. ಆ ನಡುವೆ ತಾಯಿ ತೀರಿಕೊಂಡಾಗ ನಮ್‌ಹಿ ಹೋಗಲಿಲ್ಲ. ಹೋದರೆ ತಿರುಗಿ ಒಳಗೆ ಬಿಡುತ್ತಿರಲಿಲ್ಲ. ಊರಲ್ಲಿದ್ದ ಅವಳ ತಮ್ಮ ತನ್ನ ಫೋನನ್ನು ಶವಪೆಟ್ಟಿಗೆಯ ಹತ್ತಿರ ಹಿಡಿದ. ಇವಳು ಸಲೂನಿನ ಹಿಂದಿನ, ಟವೆಲ್ ಒಗೆಯುವ ಕೋಣೆಯಲ್ಲಿ ನಿಂತು ಅತ್ತಳು. ಇಪ್ಪತ್ತು ನಿಮಿಷದ ನಂತರ ಮುಂದಿನ ಗಿರಾಕಿಯ ಕಾಲನ್ನು ನೀರಿಗೆ ಇಳಿಸಿದಳು.

ಕಾಯಿಲೆ ಅಲ್ಲಿಂದ ಶುರುವಾಯಿತೆಂದರೆ ಕಥೆಗೆ ಚೆನ್ನ. ಆದರೆ ಅದು ನಿಜವೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಅದಾದ ಮೇಲೂ ಒಳ್ಳೆಯ ವರ್ಷಗಳಿದ್ದವು. ಗೊತ್ತಿದ್ದದ್ದು ಇಷ್ಟು: ನಾಲ್ಕು ವರ್ಷದಿಂದ ಊಟದಲ್ಲಿ ರುಚಿಯಿಲ್ಲ, ಬೆಳಗಿನ ಮೂರಕ್ಕೆ ಎಚ್ಚರ, ಎದೆಯ ನಡುವೆ ಮುಷ್ಟಿಯಷ್ಟು ದಪ್ಪದ ಏನೋ ಒಂದು ಕೂತಿದೆ. ಆ ಪ್ರಾಯದ ಹೆಂಗಸರು ಅದನ್ನು ಒಳಬೆಂಕಿ ಎನ್ನುತ್ತಾರೆ, ಎದೆಯನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಾರೆ, ಅಜೀರ್ಣದ ಗುಳಿಗೆ ನುಂಗುತ್ತಾರೆ. ನಮ್‌ಹಿ ಮೂರನ್ನೂ ಮಾಡಿದ್ದಳು. ರಜೆಯಾದ ಗುರುವಾರಗಳಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಗಂಡ ಬರುವ ಸದ್ದಾದರೆ ಎದ್ದು ಅಕ್ಕಿ ತೊಳೆಯತೊಡಗುತ್ತಿದ್ದಳು.

ಆ ವರ್ಷದ ಫೆಬ್ರುವರಿ ಕೊನೆಯಲ್ಲಿ, ಉಗುರಿನ ಬುಡದ ಚರ್ಮ ಕತ್ತರಿಸುವಾಗ ಅವಳ ಕೈ ಜಾರಿ ಗಿರಾಕಿಯ ಬೆರಳಲ್ಲಿ ರಕ್ತ ಬಂತು. ಅದಕ್ಕೆ ಮುಂಚಿನ ಇಪ್ಪತ್ತು ವರ್ಷದಲ್ಲಿ ಹಾಗಾದದ್ದು ಎರಡೇ ಸಲ. ಆ ವಾರವೊಂದರಲ್ಲೇ ಇದು ಮೂರನೆಯದು.

ಸಂಜೆ ವ್ಯಾನಿನಲ್ಲಿ ಒಕ್‌ಜು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಎಷ್ಟು ದಿನ ಆಯ್ತು ಕಣೇ ನಿದ್ದೆ ಮಾಡಿ?"

"ಮಾಡ್ತೀನಕ್ಕ."

"ಸುಳ್ಳಿಗೂ ಒಂದು ಮುಖ ಬೇಕು. ನಿಂಗೆ ಅದೂ ಇಲ್ಲ." ಒಕ್‌ಜು ದನಿ ತಗ್ಗಿಸಿದಳು. "ನಾನೂ ಹಿಂಗೇ ಇದ್ದೆ. ಇವರು ಹೋದ ಮೇಲೆ. ಯೂನಿಯನ್ ಸ್ಟ್ರೀಟಲ್ಲಿ ಡಾಕ್ಟರ್ ಸೊನ್ ಇದ್ದಾರಲ್ಲ, ಮನಸ್ಸಿನ ಡಾಕ್ಟ್ರು, ಅವರ ಮಾತ್ರೆ ಎಂಟು ವರ್ಷದಿಂದ ತಗೋತೀನಿ. ದಿನಕ್ಕೊಂದು. ಈ ಜೋಕು, ಈ ಬಾಯಿ, ಎಲ್ಲ ಆ ಮಾತ್ರೆದೇ ಅಂದ್ಕೋ."

ನಮ್‌ಹಿ ಅವಳ ಮುಖವನ್ನೇ ನೋಡಿದಳು. ಏಳು ವರ್ಷ ಮಗ್ಗುಲಲ್ಲಿ ಕೂತರೂ ಈ ಮಾತು ಕೇಳಿದ್ದು ಅದೇ ಮೊದಲು.

"ನಾಳೆನೇ ಹೋಗು. ನಾನೂ ಬರ್ತೀನಿ."

"ಆಗಲ್ಲಕ್ಕ. ಅಲ್ಲಿ ಮುಂದುಗಡೆ ಮೇಜಲ್ಲಿ ಯಾರು ಕೂತಿರ್ತಾರೆ?"

ಅಲ್ಲಿ ಹೆಸರು ಬರೆದುಕೊಳ್ಳುವವಳು ಶ್ರೀಮತಿ ಮಾ. ನಮ್‌ಹಿಯ ಚರ್ಚಿನ ಹಿರಿಯ ಹೆಂಗಸು. ಯೆರಾಗೆ ನ್ಯೂಜೆರ್ಸಿಯ ಗಂಡು ತೋರಿಸಿದವಳೂ ಅವಳೇ. ಹುಡುಗ ಹುಡುಗಿ ಒಪ್ಪಿ ಐದು ತಿಂಗಳಾಗಿತ್ತು. ಜೂನಿನ ಮೊದಲ ಭಾನುವಾರ ಎರಡೂ ಕಡೆಯ ತಂದೆ ತಾಯಿ ಹೋಟೆಲಿನಲ್ಲಿ ಎದುರುಬದುರು ಕೂತು ಊಟ ಮಾಡಿ ಮಾತು ಮುಗಿಸುವುದೆಂದು ಗೊತ್ತಾಗಿತ್ತು.

"ಅವಳು ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಕೆಲಸ ಹೋಗುತ್ತೆ."

"ಬಾಯಿ ಯಾಕಕ್ಕ ಬಿಡ್ಬೇಕು? ನಮ್ಮ ಜನಕ್ಕೆ ಮುಖ ಸಾಲ್ದಾ? ಹುಡುಗನ ತಾಯಿ 'ಮನೆತನ ಹೇಗೆ' ಅಂತ ಕೇಳ್ತಾರೆ, ಇವರು 'ಒಳ್ಳೇವ್ರು' ಅನ್ನೋಕೆ ಮುಂಚೆ ಒಂದು ಉಸಿರು ಎಳ್ಕೋತಾರೆ. ಅಷ್ಟೇ ಸಾಕು. ತಾಯಿಗೆ ತಲೆ ಸರಿಯಿಲ್ಲ, ಮಗಳಿಗೂ ಬರುತ್ತೆ ಅಂತಾರೆ."

"ಬೇರೆ ಡಾಕ್ಟ್ರ ಹತ್ರ ಹೋಗು ಹಾಗಿದ್ರೆ. ಬಿಳಿ ಡಾಕ್ಟ್ರು."

"ಎದೆಯೊಳಗಿನ ಕಲ್ಲಿಗೆ ಇಂಗ್ಲಿಷಲ್ಲಿ ಏನಂತಾರೆ, ಹೇಳಿ ನೋಡೋಣ."



ಮುಂದಿನ ಸೋಮವಾರ, ಮಾರ್ಚ್ ನಾಲ್ಕರಂದು, ಒಕ್‌ಜು ಕಾಗದದ ಪುಟ್ಟ ಪೊಟ್ಟಣವೊಂದನ್ನು ನಮ್‌ಹಿಯ ಕೋಟಿನ ಜೇಬಿಗೆ ಇಳಿಸಿದಳು. ಒಳಗೆ ಏಳು ಅರ್ಧ ಮಾತ್ರೆಗಳು. ನಡುವಿನ ಗೆರೆಗೆ ಸರಿಯಾಗಿ ಮುರಿದಿದ್ದಳು. ಉಗುರಿನ ಕೆಲಸ ಮಾಡಿದ ಕೈ. "ಡಾಕ್ಟ್ರು ದಿನಕ್ಕೆ ಎರಡು ಬರ್ಕೊಟ್ಟಿದ್ದಾರೆ, ನಂಗೆ ಒಂದೇ ಸಾಕು. ಮಿಕ್ಕಿದ್ದು ಬಿಸಾಕೋದು ತಾನೇ? ಬೆಳಗ್ಗೆ ತಿಂಡಿ ಆದ್ಮೇಲೆ. ಎರಡು ವಾರ ಏನೂ ಗೊತ್ತಾಗಲ್ಲ, ಬಿಟ್ಟುಬಿಡ್ಬೇಡ."

ಮನೆಯಲ್ಲಿ ಮಾಡಿದ ಉಪ್ಪಿನ ಎಲೆಕೋಸು, ಎಳ್ಳೆಣ್ಣೆ, ಮಂಡಿನೋವಿನ ಪಟ್ಟಿ, ಕೆಮ್ಮಿನ ಕಷಾಯ – ಎಲ್ಲವೂ ಆ ವ್ಯಾನಿನಲ್ಲಿ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತಲೇ ಇದ್ದವು. ತನಗೆ ಗುಣ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡದವರು ಅಲ್ಲಿ ಜಿಪುಣರು. ಇಬ್ಬರಿಗೂ ಇದು ತಪ್ಪೆಂದು ಹೊಳೆಯಲಿಲ್ಲ.

ನಾಲ್ಕನೇ ವಾರದಲ್ಲಿ ನಮ್‌ಹಿ ಬೆಳಗಿನ ಐದರವರೆಗೆ ಮಲಗಿದಳು. ಆರನೇ ವಾರದಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ಮೂಗಿಗೆ ಬಡಿದು, ಒಲೆಯ ಮುಂದೆ ಒಂದು ಗಳಿಗೆ ನಿಂತುಬಿಟ್ಟಳು. ಇಷ್ಟು ವರ್ಷ ಆ ವಾಸನೆ ಎಲ್ಲಿ ಹೋಗಿತ್ತು? ಸಂತೋಷ ಎನ್ನುವಂಥದ್ದೇನೂ ಅಲ್ಲ. ಎದೆಯಲ್ಲಿದ್ದುದು ಅಲ್ಲೇ ಇತ್ತು, ಆದರೆ ಅದರ ಸುತ್ತ ಉಸಿರಾಡಲು ಸ್ವಲ್ಪ ಜಾಗವಾಗಿತ್ತು. ದೊಕ್‌ಮಾನ್ ಟೀವಿಯಿಂದ ಕಣ್ಣು ತೆಗೆಯದೆ, "ಇವತ್ತು ಸಾರು ಸರಿಯಾಗಿದೆ" ಎಂದ. ಆ ಮನೆಯಲ್ಲಿ ಅದು ದೊಡ್ಡ ಮಾತು.

ಅದೇ ದಿನಗಳಲ್ಲಿ ವ್ಯಾನು ಸ್ವಲ್ಪಸ್ವಲ್ಪವಾಗಿ ಮೌನವಾಗುತ್ತಿತ್ತು. ನಮ್‌ಹಿಗೆ ಅದು ಕಾಣಲಿಲ್ಲ. ಬೇರೆಯವರನ್ನು ಕಾಣುವಷ್ಟು ಅವಳಿನ್ನೂ ಹೊರಗೆ ಬಂದಿರಲಿಲ್ಲ. ಪ್ಯೊ ಒಂದು ದಿನ ತಾನಾಗಿಯೇ, "ಏನಕ್ಕ, ನನ್ನ ಬ್ರೇಕಿನ ಮೇಲೆ ಕರುಣೆ ಬಂತಾ?" ಎಂದ. ಒಕ್‌ಜು, "ತಲೆ ತಿರುಗುತ್ತೆ ಕಣಪ್ಪ, ಸುಮ್ನೆ ಓಡಿಸು" ಎಂದಳು. ವಯಸ್ಸಾಯಿತು ಎಂದುಕೊಂಡರು ಎಲ್ಲರೂ. ಮೇ ತಿಂಗಳ ಸೆಕೆಯಲ್ಲೂ ಚಳಿಗಾಲದ ಬೂದು ಜಾಕೆಟ್ಟು ತೊಟ್ಟು ಬಂದಾಗ ಒಬ್ಬಳು ನಕ್ಕಳು. ಸೋಮವಾರದ ಪೊಟ್ಟಣ ಮಾತ್ರ ಒಂದು ವಾರವೂ ತಪ್ಪಲಿಲ್ಲ.

ಮೇ ಇಪ್ಪತ್ತೊಂದು, ಇಪ್ಪತ್ತೆರಡು – ಎರಡು ದಿನ ಒಕ್‌ಜು ಬರಲಿಲ್ಲ. ಫೋನು ಎತ್ತಲಿಲ್ಲ. "ಹೊಟ್ಟೆ ಕೆಟ್ಟಿದೆಯಂತೆ" ಎಂದಳು ಸಲೂನಿನ ಯಜಮಾನಿ. ಗುರುವಾರ ನಮ್‌ಹಿಗೆ ರಜೆ. ಪೈನ್ ಮರದ ಬೀಜದ ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು ಒಕ್‌ಜುವಿನ ಮನೆಗೆ ಹೋದಳು. ಮನೆ ಎಂದರೆ ಒಬ್ಬರ ಮನೆಯ ನೆಲಮಾಳಿಗೆಯ ಒಂದು ಕೋಣೆ, ಮೇಲ್ಗಡೆ ಗೇಣುದ್ದದ ಕಿಟಕಿ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಒಕ್‌ಜು ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನಮ್‌ಹಿ ಬಾಗಿಲಲ್ಲೇ ನಿಂತಳು. ಆ ಬೆನ್ನು ಅವಳಿಗೆ ಗೊತ್ತಿದ್ದ ಬೆನ್ನು. ತನ್ನದೇ ಬೆನ್ನನ್ನು ಹಿಂದಿನಿಂದ ನೋಡಿದ ಹಾಗಾಯಿತು.

"ಅಕ್ಕ, ಗಂಜಿ ತಂದಿದ್ದೀನಿ."

"ಇಟ್ಟುಹೋಗು."

"ಎರಡು ತುತ್ತು."

"ನಮ್‌ಹಿ, ಬೆಳಗ್ಗೆ ಕಣ್ಣು ಬಿಟ್ರೆ, ಅಯ್ಯೋ ಮತ್ತೆ ಬಿಟ್ಟೆನಲ್ಲಾ ಅನ್ಸುತ್ತೆ ಕಣೇ. ಗಂಜಿ ತಗೊಂಡು ಏನ್ ಮಾಡ್ಲಿ?" ದನಿಯಲ್ಲಿ ಅಳುವಿರಲಿಲ್ಲ. ಬಸ್ಸು ತಡ ಎನ್ನುವಷ್ಟು ಸಾದಾ ದನಿ.

ಚಮಚ ಹುಡುಕಲು ನಮ್‌ಹಿ ಮೂಲೆಯ ಅಡುಗೆ ಕಟ್ಟೆಗೆ ಹೋದಳು. ಅಲ್ಲಿ ಔಷಧಿ ಅಂಗಡಿಯ ಚೀಲವಿತ್ತು. ಮೇಲೆ ಅವರ ಭಾಷೆಯಲ್ಲೇ ಅಚ್ಚಾಗಿತ್ತು: ದಿನಕ್ಕೆ ಒಂದು ಸಲ, ಒಂದು ಮಾತ್ರೆ, ಒಟ್ಟು ಮೂವತ್ತು. ಕೆಳಗೆ ತಾರೀಖು, ಮೇ ಒಂದು.

ಅವಳು ಎರಡು ಸಲ ಓದಿದಳು. ದಿನಕ್ಕೆ ಒಂದು. ಎರಡಲ್ಲ. ಮಾರ್ಚ್ ನಾಲ್ಕರಿಂದ ಇವತ್ತಿಗೆ ಹನ್ನೆರಡು ಪೊಟ್ಟಣ. ಎಂಬತ್ತನಾಲ್ಕು ಅರ್ಧಗಳಲ್ಲಿ ತಾನು ನುಂಗಿದ್ದು ಎಂಬತ್ತೊಂದು, ಪರ್ಸಿನಲ್ಲಿ ಇನ್ನೂ ಮೂರು. ಅಂದರೆ ಒಕ್‌ಜುವೂ ಎಂಬತ್ತೊಂದು ದಿನ ಅರ್ಧದಲ್ಲೇ ಇದ್ದಳು. ಆರನೇ ವಾರದಲ್ಲಿ ತನಗೆ ಬೆಳ್ಳುಳ್ಳಿಯ ವಾಸನೆ ಬಂದಾಗ ಇಲ್ಲಿ ಈ ಕೋಣೆಯಲ್ಲಿ ಏನು ಹೋಗಿತ್ತೋ.

"ಎರಡು ಕೊಡ್ತಾರೆ ಅಂದ್ರಲ್ಲಕ್ಕ."

ಒಕ್‌ಜು ತಿರುಗಲಿಲ್ಲ. "ಅಂದಿದ್ದಕ್ಕೇ ನೀನು ತಗೊಂಡಿದ್ದು. ಅರ್ಧ ಸಾಕಾಗುತ್ತೆ ಅಂದ್ಕೊಂಡಿದ್ದೆ. ಎಂಟು ವರ್ಷ ತಿಂದಿದ್ದು ಮೈಯಲ್ಲಿ ಉಳಿದಿರುತ್ತಲ್ಲ ಅಂತ."

"ಎದ್ದೇಳಿ, ಡಾಕ್ಟ್ರ ಹತ್ರ ಹೋಗೋಣ."

"ಅಲ್ಲಿ ಮಾ ಇರ್ತಾಳೆ. ನೀನು ಬರ್ಬೇಡ."

"ನಿಮ್ಮ ಜೊತೆ ಬಂದವಳು ನಾನು. ಅದ್ರಲ್ಲೇನು ತಪ್ಪು?" ಎಂದಳು ನಮ್‌ಹಿ. ಆ ಕ್ಷಣಕ್ಕೆ ಅವಳು ಹಾಗೆಯೇ ನಂಬಿದ್ದಳು. ಜೊತೆಗೆ ಹೋಗುವುದು, ಒಪ್ಪಿಸುವುದು, ಅಷ್ಟೇ.

ಬಟ್ಟೆ ತೊಡಿಸಲು ಮುಕ್ಕಾಲು ಗಂಟೆ, ಆರು ಬೀದಿ ನಡೆಯಲು ಅರ್ಧ ಗಂಟೆ ಹಿಡಿಯಿತು. ಶ್ರೀಮತಿ ಮಾ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, "ಅಯ್ಯೋ, ಯೆರಾ ಅಮ್ಮ!" ಎಂದಳು. ಒಡನೆಯೇ ಮುಖವನ್ನು ಸರಿಮಾಡಿಕೊಂಡಳು. "ಜೊತೆಗೆ ಬಂದ್ರಾ? ಎಷ್ಟು ಒಳ್ಳೇ ಮನಸ್ಸು ನಿಮ್ದು."

"ಹೂಂ, ಜೊತೆಗೆ" ಎಂದಳು ನಮ್‌ಹಿ.

ಡಾಕ್ಟರ್ ಸೊನ್ ಐವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ. ಒಕ್‌ಜುವನ್ನು ಒಂದೊಂದಾಗಿ ಕೇಳಿದಳು: ನಿದ್ದೆ, ಊಟ, ಬದುಕು ಸಾಕೆನಿಸುತ್ತದೆಯೇ, ಎಷ್ಟು ದಿನದಿಂದ. ಒಕ್‌ಜು ಪ್ರತಿಯೊಂದಕ್ಕೂ ಎರಡು ಮೂರು ಪದಗಳಲ್ಲಿ ಉತ್ತರಿಸಿದಳು.

"ಮಾತ್ರೆ ಬಿಡದೆ ತಗೊಳ್ತಿದ್ದೀರಾ? ದಿನಕ್ಕೊಂದು?"

"ತಗೋತಿದ್ದೀನಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. "ಎಂಟು ವರ್ಷ ಹಿಡಿದು ನಿಲ್ಲಿಸಿದ್ದ ಮಾತ್ರೆ ಈಗ ಕೈಕೊಟ್ಟಿದೆ ಅಂತ ಕಾಣುತ್ತೆ. ಹಾಗಾಗೋದುಂಟು. ಇದನ್ನ ನಿಧಾನಕ್ಕೆ ಇಳಿಸಿ ಬೇರೆ ಮಾತ್ರೆ ಶುರುಮಾಡ್ಬೇಕು. ಹೊಸದು ಒಗ್ಗುತ್ತೋ ಇಲ್ವೋ ತಿಳಿಯೋಕೆ ಎರಡು ತಿಂಗಳು ಬೇಕು. ನಡುವಿನ ದಿನ ಕಷ್ಟ ಇರುತ್ತೆ. ಅಲ್ಲೀವರೆಗೆ ನೀವು ಒಬ್ರೇ ಇರೋ ಹಾಗಿಲ್ಲ."

"ಆಯ್ತು" ಎಂದಳು ಒಕ್‌ಜು.

ನಮ್‌ಹಿ ಮೇಜಿನ ಅಂಚನ್ನು ನೋಡುತ್ತಿದ್ದಳು. ಮಾತ್ರೆ ಕೈಕೊಟ್ಟಿರಲಿಲ್ಲ. ಅದು ಅರ್ಧ ಇತ್ತು, ಅಷ್ಟೇ. ಹಿಡಿದು ನಿಲ್ಲಿಸಿದ್ದನ್ನೇ ಕಿತ್ತು ಬೇರೊಂದನ್ನು ಹಾಕಲು ಹೊರಟಿದ್ದಾರೆ, ತಪ್ಪು ಲೆಕ್ಕದ ಮೇಲೆ. ಆ ಎರಡು ತಿಂಗಳನ್ನು ಅಕ್ಕ ದಾಟುವಳೇ? ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗೆ ಶ್ರೀಮತಿ ಮಾ ಕಾಗದ ಜೋಡಿಸುವ ಸದ್ದು ಕೇಳುತ್ತಿತ್ತು. ಜೂನ್ ಎರಡರ ಆ ಊಟಕ್ಕೆ ಹತ್ತು ದಿನ ಬಾಕಿ.

ಒಕ್‌ಜು ಮೇಜಿನ ಕೆಳಗೆ ಅವಳ ಮಣಿಕಟ್ಟನ್ನು ಒತ್ತಿದಳು. ಬೇಡ.

"ಡಾಕ್ಟ್ರೇ" ಎಂದಳು ನಮ್‌ಹಿ. ದನಿ ಬೇಕಾದುದಕ್ಕಿಂತ ದೊಡ್ಡದಾಗಿ ಬಂತು. "ಅಕ್ಕ ಒಂದು ತಗೋತಿರ್ಲಿಲ್ಲ. ಅರ್ಧ. ಮಾರ್ಚ್ ನಾಲ್ಕರಿಂದ. ಇನ್ನರ್ಧ ನಾನು ನುಂಗ್ತಿದ್ದೆ."

ಹೊರಗಿನ ಕಾಗದದ ಸದ್ದು ನಿಂತಿತು.

ಡಾಕ್ಟರ್ ಸೊನ್ ಎದ್ದುಹೋಗಿ ಬಾಗಿಲನ್ನು ಪೂರ್ತಿ ಮುಚ್ಚಿ ಬಂದು ಕೂತಳು. ಬೈಯಲಿಲ್ಲ. "ಇದನ್ನ ಹೇಳದೆ ಹೋಗಿದ್ರೆ ನಾನು ದೊಡ್ಡ ತಪ್ಪು ಮಾಡ್ತಿದ್ದೆ" ಎಂದಳು. ಒಬ್ಬರ ಮಾತ್ರೆ ಇನ್ನೊಬ್ಬರ ಮೈಯಲ್ಲಿ ಏನೇನು ಮಾಡಬಹುದು ಎಂದು ನಾಲ್ಕು ವಾಕ್ಯದಲ್ಲಿ ತಿಳಿಸಿದಳು. ಹಳೆಯ ಮಾತ್ರೆಯನ್ನೇ ಪೂರ್ತಿ ಒಂದಕ್ಕೆ ತರುವುದೆಂದು, ಒಕ್‌ಜುವಿನ ಬಳಿ ರಾತ್ರಿ ಯಾರಾದರೂ ಇರಬೇಕೆಂದು, ನಾಲ್ಕು ದಿನಕ್ಕೊಮ್ಮೆ ತೋರಿಸಬೇಕೆಂದು ಬರೆದಳು. ಕೊನೆಗೆ ನಮ್‌ಹಿಯ ಕಡೆ ತಿರುಗಿದಳು. "ನೀವು ಅದನ್ನ ತಟ್ಟನೆ ನಿಲ್ಲಿಸೋ ಹಾಗೂ ಇಲ್ಲ. ನಿಮ್ಮ ಹೆಸರಲ್ಲೇ ನೋಡ್ಬೇಕು ನಾನು. ಹೊರಗೆ ಫಾರಂ ತುಂಬಿ ಕೊಟ್ಟು ಬನ್ನಿ."

ಶ್ರೀಮತಿ ಮಾ ಫಾರಮ್ಮನ್ನೂ ಪೆನ್ನನ್ನೂ ಚಾಚಿದಳು. ಮುಖ ನೋಡಲಿಲ್ಲ. ನಮ್‌ಹಿ ಹೆಸರು ಬರೆದಳು, ಹುಟ್ಟಿದ ದಿನ ಬರೆದಳು. ಯಾವಾಗಿನಿಂದ ಎಂಬಲ್ಲಿ ನಾಲ್ಕು ವರ್ಷ ಎಂದು ಬರೆದಳು. ಕಾಯುವವರ ಕುರ್ಚಿಗಳಲ್ಲಿ ಇಬ್ಬರು ಹೆಂಗಸರು ಪತ್ರಿಕೆಯಲ್ಲಿ ಮುಖ ಮರೆಸಿಕೊಂಡಿದ್ದರು.

ಶನಿವಾರ ಯೆರಾ ಮನೆಗೆ ಬಂದಾಗ ನಮ್‌ಹಿ ತಾನೇ ಹೇಳಿದಳು, ಬೇರೆ ಬಾಯಿಂದ ಕೇಳುವುದಕ್ಕೆ ಮುಂಚೆ ಕೇಳಲಿ ಎಂದು. ದೊಕ್‌ಮಾನ್ ಟೀವಿ ಆರಿಸಿ, ಆರಿದ ಟೀವಿಯನ್ನೇ ನೋಡುತ್ತ ಕೂತ.

"ನಾಲ್ಕು ವರ್ಷ?" ಎಂದಳು ಯೆರಾ. "ವಾರಾವಾರ ಫೋನಲ್ಲಿ 'ಚೆನ್ನಾಗಿದ್ದೀನಿ, ಊಟ ಆಯ್ತಾ' ಅಂತಿದ್ಯಲ್ಲಮ್ಮ, ಅದೆಲ್ಲ ಏನು?"

"ನಿನ್ನ ಮದುವೆ..."

"ನನ್ನ ಮೇಲೆ ಹಾಕ್ಬೇಡ. ನಾನು ಕೇಳಿದ್ನಾ? ಒಕ್‌ಜು ದೊಡ್ಡಮ್ಮ ಸತ್ತುಹೋಗಿದ್ರೆ ಅದೂ ನನ್ನ ಮದುವೆಗೇ ಅಂತಿದ್ಯಾ?"

ಮಗಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಯೆರಾ ಊಟಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ತಿರುಗಿ, "ಮಾತ್ರೆ ಇವತ್ತು ತಗೊಂಡ್ಯಾ?" ಎಂದು ಕೇಳಿದಳು. ತಗೊಂಡೆ ಎಂದಳು ನಮ್‌ಹಿ. ಬಾಗಿಲು ಮುಚ್ಚಿಕೊಂಡಿತು.

ಮಂಗಳವಾರ ಹುಡುಗನ ತಾಯಿಯಿಂದ ಫೋನು ಬಂತು. ಅವರ ಯಜಮಾನರಿಗೆ ಕೆಲಸದ ಒತ್ತಡವಂತೆ. ಊಟದ ಮಾತು ಸದ್ಯಕ್ಕೆ ಬೇಡ, ಬಿಸಿಲುಕಾಲ ಕಳೆಯಲಿ ಎಂದರು. ದನಿ ತುಂಬ ಮೃದುವಾಗಿತ್ತು. ಶ್ರೀಮತಿ ಮಾ ಹೇಳಿದಳೋ, ಕುರ್ಚಿಯ ಮೇಲಿದ್ದ ಇಬ್ಬರು ಹೇಳಿದರೋ, ಯೆರಾಳೇ ಹುಡುಗನಿಗೆ ಹೇಳಿದಳೋ, ಅಥವಾ ನಿಜಕ್ಕೂ ಕೆಲಸದ ಒತ್ತಡವೋ, ನಮ್‌ಹಿಗೆ ಎಂದೂ ತಿಳಿಯಲಿಲ್ಲ. ಯೆರಾಳೂ ಹೇಳಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಇಲ್ಲಿ ಊರು ಬಾಯಿಯನ್ನೇ ತೆರೆದಿರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಮೊದಲಿಗಿಂತ ಹೆಚ್ಚು ಬಾಗಿ ನಮಸ್ಕರಿಸುತ್ತಿದ್ದರು, ಬೇಗ ಮುಂದಕ್ಕೆ ಹೋಗುತ್ತಿದ್ದರು.

ಆ ಗುರುವಾರವೇ ನಮ್‌ಹಿ ರಾತ್ರಿ ಜೊತೆಗಿರಲು ಹಾಸಿಗೆ ಕಟ್ಟಿಕೊಂಡು ಒಕ್‌ಜುವಿನ ನೆಲಮಾಳಿಗೆಗೆ ಹೋಗಿದ್ದಳು. ದೊಕ್‌ಮಾನ್ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೂರನೇ ದಿನ ಸಂಜೆ ಒಂದು ಪೆಟ್ಟಿಗೆ ಕೊರಿಯಾ ಸೇಬುಹಣ್ಣು ತಂದು ಬಾಗಿಲ ಹೊರಗಿಟ್ಟು, ಕರೆಯದೆ ಹೊರಟುಹೋದ.

ಎರಡು ವಾರ ಕಳೆದರೂ ಒಕ್‌ಜು ಇದ್ದಲ್ಲೇ ಇದ್ದಳು. ಸುಧಾರಿಸಲು ಆರು ವಾರ ಬೇಕೆಂದು ಡಾಕ್ಟರು ಹೇಳಿದ್ದಳು. ಊಟ ಮುಂದಿಟ್ಟರೆ ಅರ್ಧ ತಿನ್ನುತ್ತಿದ್ದಳು. ಹುಡುಗನ ಕಡೆಯ ಫೋನಿನ ವಿಷಯ ಅವಳಿಗೆ ತಿಳಿಯದಿರಲೆಂದು ನಮ್‌ಹಿ ಮುಚ್ಚಿಟ್ಟಿದ್ದಳು. ಆದರೆ ನೋಡಲು ಬಂದ ವ್ಯಾನಿನ ಹೆಂಗಸೊಬ್ಬಳು ಸೇಬು ಸುಲಿಯುತ್ತ ಹೇಳಿಯೇ ಬಿಟ್ಟಳು.

ಅವಳು ಹೋದ ಮೇಲೆ ಒಕ್‌ಜು ಗೋಡೆಗೇ ಹೇಳಿದಳು, "ನಾನು ಅಷ್ಟು ದಿನ ಸಹಿಸಿದ್ದು ದಂಡ ಆಯ್ತಲ್ಲೇ. ಒಂದು ಮದುವೆನಾದ್ರೂ ಆಗ್ಲಿ ಅಂತ. ನಿನ್ನ ಯಾರು ಬಾಯಿ ಬಿಡು ಅಂದ್ರು?"

"ಯಾರೂ ಅನ್ಲಿಲ್ಲ."

"ಮತ್ತೆ?"

"ಈ ಕಡೆ ತಿರುಗಿ."

"ಮಗಳ ಬಾಳು ಹಾಳ್ಮಾಡ್ಕೊಂಡೆ, ಮುದುಕಿಗೋಸ್ಕರ. ಥೂ."

"ಬೈಯಿರಿ. ಬೈದ್ರೆ ಚೆನ್ನಾಗಿದೆ, ಎರಡು ವಾರದಿಂದ ಅದೂ ಇರ್ಲಿಲ್ಲ. ಈಗ ತಿರುಗಿ."

ಒಕ್‌ಜು ತಿರುಗಲಿಲ್ಲ. ನಮ್‌ಹಿ ಮಾತ್ರೆಯನ್ನೂ ನೀರಿನ ಲೋಟವನ್ನೂ ಹಿಡಿದು ನೆಲದ ಮೇಲೆ ಕೂತಳು. ಮೇಲಿನ ಗೇಣುದ್ದದ ಕಿಟಕಿಯಲ್ಲಿ ಹೋಗಿಬರುವವರ ಕಾಲುಗಳು ಕಾಣುತ್ತಿದ್ದವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಲೋಟ ಹಿಡಿದ ಕೈ ಜೋಮು ಹಿಡಿದಾಗ ಇನ್ನೊಂದು ಕೈಗೆ ಬದಲಾಯಿಸಿದಳು. ಕೊನೆಗೆ ಒಕ್‌ಜು ಬೆನ್ನು ತಿರುಗಿಸದೆಯೇ ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ಅಂಗೈ ಬಿಚ್ಚಿದಳು.

ನಮ್‌ಹಿ ಅದರ ಮೇಲೆ ಮಾತ್ರೆ ಇಟ್ಟಳು, ಮುರಿಯದ್ದು. ಒಕ್‌ಜು ಎದ್ದು ಕೂತು ನುಂಗಿ, ಮತ್ತೆ ಮಲಗುವವರೆಗೂ ಅಲ್ಲೇ ಕೂತಿದ್ದಳು.